ಶಂಕುವಿನ ನೆರಳು, ಮನೆಯ ತಂಪು

ಪತ್ರಿಕೆಗಳಲ್ಲಿ ‘ಶಂಕುಸ್ಥಾಪನೆ’ ಎಂಬ ಮಾತು ಕಾಣದ ವಾರವಿಲ್ಲ. ಶಾಲೆ, ಸೇತುವೆ, ಸಮುದಾಯ ಭವನ, ಸ್ವಂತ ಮನೆ ಯಾವುದೇ ಇರಲಿ, ಪುರೋಹಿತರ ಮಂತ್ರ, ಒಡೆದ ತೆಂಗಿನಕಾಯಿ, ಗುದ್ದಲಿಯ ಒಂದು ಏಟು ಇಷ್ಟಾದರೆ ಶಂಕುಸ್ಥಾಪನೆ ಮುಗಿಯಿತು. ಸಮಾರಂಭದಲ್ಲಿ ಕಲ್ಲು ಇರುತ್ತದೆ, ಕಲ್ಲಿನ ಮೇಲೆ ಹೆಸರುಗಳಿರುತ್ತವೆ. ಇಲ್ಲದಿರುವುದು ಶಂಕು ಒಂದೇ.

ಶಂಕು ಎಂದರೆ ಗೂಟ. ಹಿಂದೆ ಕಟ್ಟಡದ ಕೆಲಸ ಆರಂಭವಾಗುತ್ತಿದ್ದುದು ಈ ಗೂಟದಿಂದ. ಸಮತಟ್ಟು ಮಾಡಿದ ನೆಲದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ, ಅದನ್ನೇ ಕೇಂದ್ರವಾಗಿಟ್ಟುಕೊಂಡು ಹಗ್ಗದಿಂದ ಒಂದು ವೃತ್ತ ಎಳೆಯುತ್ತಿದ್ದರು. ಬೆಳಿಗ್ಗೆ ಗೂಟದ ನೆರಳು ಪಶ್ಚಿಮಕ್ಕೆ ಉದ್ದವಾಗಿ ಬಿದ್ದು, ಹೊತ್ತು ಏರಿದಂತೆ ಮೊಟಕಾಗುತ್ತಾ ಬರುತ್ತದೆ. ಅದರ ತುದಿ ವೃತ್ತವನ್ನು ಮುಟ್ಟಿದ ಕಡೆ ಒಂದು ಗುರುತು. ಮಧ್ಯಾಹ್ನ ಕಳೆದ ಮೇಲೆ ನೆರಳು ಪೂರ್ವದ ಕಡೆಗೆ ಬೆಳೆದು ಮತ್ತೆ ವೃತ್ತವನ್ನು ಮುಟ್ಟಿದ ಕಡೆ ಇನ್ನೊಂದು ಗುರುತು. ಎರಡನ್ನೂ ಸೇರಿಸಿ ಗೆರೆ ಎಳೆದರೆ ಅದೇ ಪೂರ್ವ-ಪಶ್ಚಿಮ. ಯಜ್ಞವೇದಿಕೆಗಳ ಅಳತೆಯನ್ನು ಹೇಳುವ ಕಾತ್ಯಾಯನ ಶುಲ್ಬಸೂತ್ರದಲ್ಲಿ ಈ ವಿಧಾನವಿದೆ. ಮುಂದೆ ವಾಸ್ತು ಗ್ರಂಥಗಳು ಅದನ್ನು ಗುಡಿಗೂ ಮನೆಗೂ ಬಳಸಿಕೊಂಡವು.

ದಿಕ್ಕಿಗೆ ಇಷ್ಟು ಮಹತ್ವ ಏಕೆ ಎಂಬುದಕ್ಕೆ ಶಾಸ್ತ್ರ ಕೊಡುವ ಕಾರಣಗಳು ಬೇರೆ. ಸೂರ್ಯ ಕೊಡುವ ಕಾರಣ ಸರಳವಾದದ್ದು. ಕರ್ನಾಟಕ ಪೂರ್ತಿಯಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಹೀಗಾಗಿ ವರ್ಷಕ್ಕೆರಡು ಬಾರಿ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ. ಬೆಂಗಳೂರಿನಲ್ಲಿ ಜೂನ್ 21ರ ನಡುಹಗಲು ಅವನು ನೆತ್ತಿಯಿಂದ ಉತ್ತರಕ್ಕೆ ಹತ್ತೂವರೆ ಡಿಗ್ರಿಯಷ್ಟು ಮಾತ್ರ ಸರಿದಿರುತ್ತಾನೆ. ಅತಿ ಕೆಳಗೆ ಇಳಿಯುವ ಡಿಸೆಂಬರ್ 22ರಂದೂ ನಡುಹಗಲಿನ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಇಷ್ಟು ಎತ್ತರದ ಬಿಸಿಲನ್ನು ಎರಡಡಿ ಚಾಚಿದ ಸೂರು ತಡೆಯಬಲ್ಲದು. ಆದ್ದರಿಂದ ಉತ್ತರ ಮತ್ತು ದಕ್ಷಿಣದ ಗೋಡೆಗಳನ್ನು ಕಾಪಾಡುವುದು ಸುಲಭ. ಕಷ್ಟವಿರುವುದು ಪೂರ್ವ, ಪಶ್ಚಿಮಗಳಲ್ಲಿ. ಅಲ್ಲಿ ಬಿಸಿಲು ಅಡ್ಡಡ್ಡಲಾಗಿ ಬಂದು ಗೋಡೆಯ ಮೈಗೇ ಬಡಿಯುತ್ತದೆ. ಅದನ್ನು ಯಾವ ಸೂರೂ ತಡೆಯಲಾರದು. ಮನೆಯ ಉದ್ದವನ್ನು ಪೂರ್ವ-ಪಶ್ಚಿಮವಾಗಿಟ್ಟು, ಆ ಎರಡು ದಿಕ್ಕಿಗೆ ಮೋಟುಗೋಡೆಗಳು ಮಾತ್ರ ಬರುವಂತೆ ಮಾಡಿದರೆ ಬಿಸಿಲಿಗೆ ಒಡ್ಡಿಕೊಳ್ಳುವ ಮೈಯೇ ಕಡಿಮೆಯಾಗುತ್ತದೆ. ಇದನ್ನು ತೀರ್ಮಾನಿಸುವುದು ಗೂಟ ನೆಡುವ ದಿನ. ಪಾಯ ತೋಡಿದ ಮೇಲೆ ಮನೆಯನ್ನು ತಿರುಗಿಸಲು ಬರುವುದಿಲ್ಲ.

ಇಂಧನ ಉಳಿಸುವ ಮನೆ ಎಂದೊಡನೆ ಇಂದು ಚಾವಣಿಯ ಮೇಲಿನ ಸೌರಫಲಕ, ಎಲ್‌ಇಡಿ ದೀಪಗಳು ನೆನಪಾಗುತ್ತವೆ. ಅವು ಬೇಕಾದವುಗಳೇ. ಆದರೆ ಹಳ್ಳಿಗಾಡಿನ ಒಂದು ಮನೆ ತನ್ನ ಆಯುಷ್ಯದಲ್ಲಿ ಎಷ್ಟು ಇಂಧನ ಬೇಡುತ್ತದೆ ಎಂಬುದು ಬಹುಮಟ್ಟಿಗೆ ಅದಕ್ಕೂ ಮೊದಲೇ, ನೆಲವನ್ನು ಸಿದ್ಧಪಡಿಸುವಾಗಲೇ ತೀರ್ಮಾನವಾಗಿರುತ್ತದೆ. ಈ ತಿಳಿವಳಿಕೆ ಈ ನಾಡಿನಲ್ಲಿ ಬೆಳೆದು ಬಂದದ್ದು, ಮರೆತುಹೋದದ್ದು, ಪ್ರಯೋಗಾಲಯದ ಮೂಲಕ ಅರ್ಧದಷ್ಟು ಮರಳಿ ಬಂದದ್ದು ಒಂದು ದೀರ್ಘ ಚರಿತ್ರೆ.

ನೆಲ ಮೊದಲು, ಗೋಡೆ ಆಮೇಲೆ

ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಬೆಟ್ಟಗಳಲ್ಲಿ 1960ರ ದಶಕದಲ್ಲಿ ಪುರಾತತ್ತ್ವ ವಿದ್ವಾಂಸ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದರು. ಅಲ್ಲಿ ನವಶಿಲಾಯುಗದ ಜನರ ಗುಡಿಸಲುಗಳ ನೆಲಗಟ್ಟು ಸಿಕ್ಕಿತು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಆ ವಾಸದ ಮನೆಗಳು ದುಂಡಗಿದ್ದವು. ಗೋಡೆಗಳು ತಡಿಕೆಗೆ ಮಣ್ಣು ಮೆತ್ತಿದಂಥವು. ಅವು ಕರಗಿಹೋಗಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ನೆಲ. ಬಂಡೆಗಳ ನಡುವಿನ ಏರುತಗ್ಗನ್ನು ಗರಸು ತುಂಬಿ ಸಮ ಮಾಡಿ, ಮೇಲೆ ಕಂಬಗಳನ್ನು ನೆಟ್ಟ ಕುಳಿಗಳ ಗುರುತು ಇನ್ನೂ ಇತ್ತು. ಮೂರೂವರೆ ಸಾವಿರ ವರ್ಷಗಳ ಹಿಂದೆ ಆ ಜನ ಫಲವತ್ತಾದ ಬಯಲನ್ನು ಬಿಟ್ಟು, ನೀರು ನಿಲ್ಲದ, ಗಾಳಿ ಆಡುವ, ಉಳುಮೆಗೆ ಬಾರದ ಎತ್ತರದ ನೆಲವನ್ನು ಮನೆಗೆ ಆರಿಸಿಕೊಂಡಿದ್ದರು.

ಹಳ್ಳಿಗಳ ನೆಲೆಯನ್ನು ನೋಡಿದರೆ ಇದೇ ವಿವೇಕ ಮುಂದುವರಿದದ್ದು ತಿಳಿಯುತ್ತದೆ. ಕಂದಾಯ ದಾಖಲೆಗಳಲ್ಲಿ ‘ಗ್ರಾಮಠಾಣ’ ಎಂದು ಗುರುತಾದ ಹಳೆಯ ಊರುಗಳು ಸಾಮಾನ್ಯವಾಗಿ ದಿಣ್ಣೆಯ ಮೇಲಿವೆ. ಕೆರೆ ಒಂದು ಪಕ್ಕಕ್ಕೆ, ಗದ್ದೆ ಅದರ ಕೆಳಗೆ, ಊರು ಗಟ್ಟಿನೆಲದಲ್ಲಿ. ಬೆಳೆಯುವ ನೆಲದಲ್ಲಿ ಮನೆ ಕಟ್ಟಿದರೆ ಅನ್ನವೂ ಹೋಯಿತು, ಮೆದುಮಣ್ಣಿನಲ್ಲಿ ಗೋಡೆಯೂ ನಿಲ್ಲದು ಎಂಬುದು ಆ ಏರ್ಪಾಡಿನ ಹಿಂದಿನ ಲೆಕ್ಕ.

ನೆಲದ ಪರೀಕ್ಷೆಯನ್ನು ಬರೆದಿಟ್ಟವರಲ್ಲಿ ಆರನೆಯ ಶತಮಾನದ ವರಾಹಮಿಹಿರ ಮುಖ್ಯನಾದವನು. ಅವನ ಬೃಹತ್ಸಂಹಿತೆಯ ವಾಸ್ತುವಿದ್ಯೆಯ ಅಧ್ಯಾಯದಲ್ಲಿ ಒಂದು ಸುಲಭ ಪ್ರಯೋಗವಿದೆ. ಒಂದು ಮೊಳ ಅಳತೆಯ ಗುಂಡಿ ತೋಡಿ, ಅದೇ ಮಣ್ಣನ್ನು ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಹೋದರೆ ಅಧಮ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬರುವಷ್ಟರಲ್ಲಿ ನೀರು ಇಳಿಯದಿದ್ದರೆ ಒಳ್ಳೆಯದು ಎಂಬುದು ಇನ್ನೊಂದು. ಇದರಲ್ಲಿ ಶಕುನಕ್ಕಿಂತ ಎಂಜಿನಿಯರಿಂಗ್ ಹೆಚ್ಚು. ಶತಮಾನಗಳಿಂದ ಒತ್ತಿಕೊಂಡು ಗಟ್ಟಿಯಾದ ಮಣ್ಣನ್ನು ಅಗೆದರೆ ಅದು ಸಡಿಲಗೊಂಡು ಉಬ್ಬುತ್ತದೆ, ಆದ್ದರಿಂದ ಮಿಗುತ್ತದೆ. ಪೊಳ್ಳು ನೆಲದ ಮಣ್ಣನ್ನು ಮತ್ತೆ ತುಂಬಿ ತುಳಿದರೆ ಕುಗ್ಗಿ ಹೋಗುತ್ತದೆ. ಇಂದಿನ ಮಣ್ಣು ಪರೀಕ್ಷೆಯ ಪ್ರಯೋಗಾಲಯ ಸಾಂದ್ರತೆ, ಇಂಗುವಿಕೆ ಎಂದು ಕರೆಯುವ ಗುಣಗಳನ್ನೇ ಈ ಗುಂಡಿ ಅಂದಾಜು ಮಾಡುತ್ತಿತ್ತು.

ಮನೆ ಕಟ್ಟುವ ಜಾಗವನ್ನು ಮೊದಲು ಉತ್ತು, ಬೀಜ ಬಿತ್ತಿ, ಅದು ಮೊಳೆತ ಮೇಲೆ ಅಲ್ಲಿ ದನಗಳನ್ನು ತಂಗಿಸಬೇಕೆಂದೂ ಅದೇ ಗ್ರಂಥ ಹೇಳುತ್ತದೆ. ಉತ್ತಾಗ ಬೇರು, ಮೂಳೆ, ಹುತ್ತದ ಪೊಳ್ಳು ಮೇಲೆ ಬರುತ್ತವೆ. ಪೈರು ಒಂದೆಡೆ ಹುಲುಸಾಗಿ ಒಂದೆಡೆ ಸೊರಗಿದರೆ ಒಳಗಿನ ತೇವ ಎಲ್ಲಿದೆ ಎಂಬುದು ತೋರುತ್ತದೆ. ದನಗಳ ಕಾಲ್ತುಳಿತಕ್ಕೆ ಸಡಿಲ ಮಣ್ಣು ಕೂರುತ್ತದೆ. ನಂಬಿಕೆಯ ಹೆಸರಿನಲ್ಲಿ ನಡೆಯುತ್ತಿದ್ದ ಈ ವಿಧಿಯಿಂದ ಯಜಮಾನನಿಗೆ ತನ್ನ ನೆಲವನ್ನು ಒಂದು ಬೆಳೆಯ ಕಾಲವಾದರೂ ನೋಡುವ ಅವಕಾಶ ಸಿಗುತ್ತಿತ್ತು.

ಆದರೆ ಅದೇ ಅಧ್ಯಾಯ ಬಿಳಿ, ಕೆಂಪು, ಹಳದಿ, ಕಪ್ಪು ಮಣ್ಣುಗಳನ್ನು ನಾಲ್ಕು ವರ್ಣಗಳಿಗೆ ಹಂಚಿಕೊಡುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಊರಿನ ದಿಣ್ಣೆಯ ಮೇಲೆ ಎಲ್ಲರಿಗೂ ಜಾಗವಿರಲಿಲ್ಲ. ದಲಿತರ ಕೇರಿಗಳು ಊರಿನಿಂದ ಹೊರಗಿದ್ದವು. ಎಷ್ಟೋ ಕಡೆ ತಗ್ಗಿನಲ್ಲಿ, ಹಳ್ಳದ ಪಕ್ಕದಲ್ಲಿದ್ದವು. ಒಳ್ಳೆಯ ನೆಲ ಯಾವುದೆಂದು ಗೊತ್ತಿದ್ದ ಸಮಾಜಕ್ಕೆ ಕೆಟ್ಟ ನೆಲ ಯಾರಿಗೆಂಬುದೂ ಗೊತ್ತಿತ್ತು. ಕೆರೆ ಬಾವಿಗಳನ್ನು ತೋಡಿ, ಕಲ್ಲು ಸೀಳಿ, ಮಣ್ಣಿನ ಗುಣವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಭೋವಿ ಜನರ ಹೆಸರು ಯಾವ ವಾಸ್ತು ಗ್ರಂಥದಲ್ಲಿಯೂ ಸಿಗುವುದಿಲ್ಲ.

ಮೂರು ನೆಲ, ಮೂರು ಬಗೆಯ ಮನೆ

ಕರ್ನಾಟಕದ ಹಳೆಯ ಮನೆಗಳಲ್ಲಿ ಗೋಡೆ ಎಂಬುದು ಬಹುಮಟ್ಟಿಗೆ ಕಾಲಡಿಯ ನೆಲವೇ ಎದ್ದು ನಿಂತ ರೂಪ. ಆದ್ದರಿಂದ ನೆಲ ಬದಲಾದಂತೆ ಮನೆಯೂ ಬದಲಾಗುತ್ತದೆ.

ಉತ್ತರದ ಬಯಲುಸೀಮೆಯಲ್ಲಿ ಎರೆಭೂಮಿ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುವ ಈ ಮಣ್ಣು ಜೋಳಕ್ಕೆ, ಹತ್ತಿಗೆ ಒಳ್ಳೆಯದು, ಪಾಯಕ್ಕೆ ಶತ್ರು. ಅಲ್ಲಿ ನೆಲ ಸಿದ್ಧಪಡಿಸುವುದೆಂದರೆ ಗರಸು ಸಿಗುವವರೆಗೆ ಎರೆಯನ್ನು ತೆಗೆದುಹಾಕುವುದು. ಅದರ ಮೇಲೆ ಕಲ್ಲುಮಣ್ಣಿನ ದಪ್ಪ ಗೋಡೆ, ತೊಲೆ ಜಂತೆಗಳ ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೂ ಹೊಗೆಗೂ ಮಾಳಿಗೆಯಲ್ಲೊಂದು ಬೆಳಕಿಂಡಿ. ಮಾಳಿಗೆಯ ಮೇಲ್ಪದರಕ್ಕೆ ಸವುಳು ಮಣ್ಣನ್ನು ಹುಡುಕಿ ತರುತ್ತಿದ್ದರು. ಬೆಳೆಗೆ ಬಾರದ ಆ ಕ್ಷಾರದ ಮಣ್ಣು ನೀರು ತಗುಲಿದೊಡನೆ ನುಣ್ಣಗೆ ಹರಡಿ ರಂಧ್ರಗಳನ್ನು ಮುಚ್ಚಿಬಿಡುತ್ತದೆ, ಮಳೆ ಒಳಗಿಳಿಯುವುದಿಲ್ಲ. ದಪ್ಪ ಗೋಡೆ ಹಗಲಿನ ಬಿಸಿಯನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅದು ಒಳಮುಖಕ್ಕೆ ತಲಪುವ ವೇಳೆಗೆ ಹೊರಗೆ ರಾತ್ರಿಯಾಗಿ ಜನ ಅಂಗಳದಲ್ಲೋ ಮಾಳಿಗೆಯ ಮೇಲೋ ಹಾಸಿಗೆ ಬಿಡಿಸಿರುತ್ತಾರೆ. ಏಪ್ರಿಲಿನ ಮಧ್ಯಾಹ್ನ ಹೊರಗೆ ಧಗೆ, ಒಳಗೆ ತಂಪು. ಇದಕ್ಕೆ ಒಂದು ಕಡ್ಡಿಯಷ್ಟೂ ಇಂಧನ ಬೇಡ.

ಹಳೆಯ ಮೈಸೂರಿನ ಕಡೆ ಕೆಮ್ಮಣ್ಣು. ಮನೆ ಕಟ್ಟುವವರು ಹಿತ್ತಲಲ್ಲೋ ಊರಂಚಿನಲ್ಲೋ ಗುಂಡಿ ತೋಡಿ, ಮಣ್ಣಿಗೆ ನೀರು ಹಾಯಿಸಿ, ಹುಲ್ಲೋ ಹೊಟ್ಟೋ ಬೆರೆಸಿ, ತುಳಿದು, ದಿನಗಟ್ಟಲೆ ಕೊಳೆಯಲು ಬಿಡುತ್ತಿದ್ದರು. ಹದಕ್ಕೆ ಬಂದ ಮಣ್ಣನ್ನು ಮುದ್ದೆ ಮಾಡಿ ಗೋಡೆ ಏರಿಸುವುದು. ಒಂದು ವರಸೆ ಒಣಗುವವರೆಗೆ ಮುಂದಿನ ವರಸೆ ಇಲ್ಲ. ಮೇಲೆ ನಾಡಹೆಂಚು, ನಡುವೆ ತೊಟ್ಟಿ, ಮುಂದೆ ಜಗಲಿ. ತೊಟ್ಟಿಯ ಬಿಸಿಗಾಳಿ ಮೇಲೇರಿದಂತೆ ಸುತ್ತಲಿನ ನೆರಳಿನ ಪಡಸಾಲೆಯಿಂದ ಗಾಳಿ ಸುಳಿಯುತ್ತಿತ್ತು.

ಕರಾವಳಿಯಲ್ಲಿ ಮುರಕಲ್ಲು. 1800-01ರಲ್ಲಿ ಮೈಸೂರು, ಕನ್ನಡ, ಮಲಬಾರುಗಳಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕನನ್ ಈ ಕಲ್ಲನ್ನು ಕಂಡು ಬೆರಗಾಗಿ, ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ಲೋಕಕ್ಕೆ ಕೊಟ್ಟ. ಲ್ಯಾಟಿನ್ನಿನಲ್ಲಿ ಆ ಮಾತಿನ ಮೂಲಕ್ಕೆ ಇಟ್ಟಿಗೆ ಎಂದರ್ಥ. ಭೂಮಿಯೊಳಗೆ ಕತ್ತಿಗೆ ಬಗ್ಗುವಷ್ಟು ಮೆದುವಾದ ಈ ಕಲ್ಲು ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಸುಡುವ ಕೆಲಸವೇ ಇಲ್ಲದ ಇಟ್ಟಿಗೆ ಅದು. ಕರಾವಳಿ, ಮಲೆನಾಡುಗಳಲ್ಲಿ ನೆಲ ಸಿದ್ಧಪಡಿಸುವಾಗ ಮೊದಲ ಚಿಂತೆ ಬಿಸಿಲಿಗಿಂತ ನೀರಿನದು. ಗುಡ್ಡದ ಓರೆಯನ್ನು ಕಡಿದು ಹಂತ ಮಾಡಿ, ಮೇಲಿನಿಂದ ಇಳಿಯುವ ಮಳೆನೀರು ಮನೆಯನ್ನು ಬಳಸಿ ಹೋಗುವಂತೆ ಅಗಳು ತೋಡಿ, ಎತ್ತರದ ಪಂಚಾಂಗದ ಮೇಲೆ ಗೋಡೆ ಎಬ್ಬಿಸುತ್ತಿದ್ದರು. ನೈರುತ್ಯದ ಮಳೆ ಬಡಿಯುವ ಪಶ್ಚಿಮದ ಗೋಡೆಗೆ ಅಡಿಕೆ ಸೋಗೆಯ ಮರೆ ಕಟ್ಟುತ್ತಿದ್ದರು. ಅದೇ ದಿಕ್ಕಿನ ಹಲಸು ಮಾವುಗಳನ್ನು ಕಡಿಯದೆ ಉಳಿಸಿದರೆ ಬೇಸಿಗೆಯ ಸಂಜೆಬಿಸಿಲಿಗೂ ತಡೆ.

ಸುಟ್ಟ ಇಟ್ಟಿಗೆಯ ಕಾಲ

ನೆಲಕ್ಕೂ ಮನೆಗೂ ಇದ್ದ ಈ ನಂಟು ಸಡಿಲಗೊಂಡದ್ದು ಒಮ್ಮೆಲೇ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಒಂದರೊಳಗೊಂದು ಕೂರುವ ಆ ಹೆಂಚು ಹಗುರ, ಸೋರದು, ವರ್ಷವರ್ಷ ಕೈಯಾಡಿಸಬೇಕಾಗಿಲ್ಲ. ಹುಲ್ಲು ಸೋಗೆಗಳ ಬೆಂಕಿಯ ಭಯದಿಂದ ಅದು ಲಕ್ಷಾಂತರ ಮನೆಗಳನ್ನು ಪಾರುಮಾಡಿತು. ಜತೆಗೆ, ಮನೆಯ ಸಾಮಗ್ರಿ ದೂರದ ಕಾರ್ಖಾನೆಯಿಂದ ಬರುತ್ತದೆ ಎಂಬ ಹೊಸ ಅಭ್ಯಾಸವನ್ನೂ ಅದು ಕಲಿಸಿತು. ಆಮೇಲೆ ಬಂದದ್ದು ಗೂಡಿನಲ್ಲಿ ಸುಟ್ಟ ಇಟ್ಟಿಗೆ, ಸಿಮೆಂಟು, ಉಕ್ಕಿನ ಸರಳು, ಆರ್‌ಸಿಸಿ ತಾರಸಿ, ಬಡವರ ಪಾಲಿಗೆ ಜಿಂಕ್ ಶೀಟು.

ಜನ ಮಣ್ಣನ್ನು ಬಿಟ್ಟದ್ದು ಬರಿಯ ಒಣಜಂಬಕ್ಕಲ್ಲ. ಗೆದ್ದಲು ತೊಲೆಯನ್ನು ತಿನ್ನುತ್ತಿತ್ತು. ಜಡಿಮಳೆಗೆ ಗೋಡೆ ನೆನೆದು ಕುಸಿಯುತ್ತಿತ್ತು. ಹಬ್ಬ ಬಂತೆಂದರೆ ಗೋಡೆಗೆ ಮಣ್ಣು ಮೆತ್ತಿ, ನೆಲ ಸಾರಿಸಿ, ಸುಣ್ಣ ಕಾರಣೆ ಬಳಿಯುವ ಕೆಲಸವೆಲ್ಲ ಹೆಂಗಸರ ತಲೆಯ ಮೇಲೆ. ಇಂಧನ ಬೇಡದ ಆ ಮನೆಗೆ ಅವರ ಬೆನ್ನುಮೂಳೆಯೇ ಇಂಧನ. ಸರ್ಕಾರದ ಕಾಗದಪತ್ರಗಳಲ್ಲಿ ಮಣ್ಣಿನ ಮನೆ ‘ಕಚ್ಚಾ’, ಇಟ್ಟಿಗೆ ಸಿಮೆಂಟಿನ ಮನೆ ‘ಪಕ್ಕಾ’ ಎಂದಾದ ಮೇಲೆ ಸಾಲ, ಸಹಾಯಧನ, ಮರ್ಯಾದೆ ಮೂರೂ ಪಕ್ಕಾದ ಕಡೆಗೆ ವಾಲಿದವು.

ಬೆಲೆಯನ್ನು ತೆತ್ತದ್ದು ನೆಲವೇ. ಇಟ್ಟಿಗೆಗೆ ಬೇಕಾದ ಜಿಗುಟು ಮಣ್ಣು ಸಿಗುವುದು ಗದ್ದೆಗಳಲ್ಲಿ, ಕೆರೆಯಂಗಳಗಳಲ್ಲಿ. ಅದನ್ನು ಸುಡಲು ಸೌದೆ ಅಥವಾ ಕಲ್ಲಿದ್ದಲು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಒಂದು ಸುಟ್ಟ ಇಟ್ಟಿಗೆಯ ಹಿಂದೆ ಸುಮಾರು 4.25 ಮೆಗಾಜೂಲ್ ಶಕ್ತಿಯ ವೆಚ್ಚವಿದೆ. ಒಂದು ಕಿಲೋ ಒಣಸೌದೆಯಲ್ಲಿರುವುದು ಸುಮಾರು 16 ಮೆಗಾಜೂಲ್. ಅಂದರೆ ಗೋಡೆಯ ಒಂದೊಂದು ಇಟ್ಟಿಗೆಗೂ ಕಾಲು ಕಿಲೋ ಸೌದೆ ಉರಿದಂತಾಯಿತು. ಮನೆಯ ಒಡೆಯ ಗೃಹಪ್ರವೇಶದ ದಿನ ಮೊದಲ ದೀಪ ಹಚ್ಚುವ ಮುನ್ನವೇ ಗಾಡಿಗಟ್ಟಲೆ ಸೌದೆ ಖರ್ಚಾಗಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಉಂಗ್ರದ ಪಾಠ

ಈ ಕಾಣದ ಖರ್ಚನ್ನು ಎಣಿಸಲು ಆರಂಭಿಸಿದವರು ಅದೇ ಸಂಸ್ಥೆಯ ವಿಜ್ಞಾನಿಗಳು. 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಅಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವುದು ಅದರ ಉದ್ದೇಶ. ಹೆಸರು ಆ ಮಾತುಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಬಂದದ್ದು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರ ತೆರೆಯಿತು. ಸುತ್ತಲಿನ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಬಳಕೆಯಾಗುತ್ತದೆಂದು ಮನೆಮನೆ ಲೆಕ್ಕ ಹಾಕಿದಾಗ, ಬಹುಪಾಲು ಶಕ್ತಿ ಸೌದೆಯ ರೂಪದಲ್ಲಿ ಅಡುಗೆಯ ಒಲೆಯಲ್ಲಿಯೇ ಉರಿಯುತ್ತಿರುವುದು ಕಂಡಿತು. ಮೂರು ಪಾತ್ರೆ ಕೂರುವ, ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ಆ ಲೆಕ್ಕದ ಫಲ.

ಮನೆಯ ಗೋಡೆಯ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಜಗದೀಶ್ ಮುಂಚೂಣಿಯಲ್ಲಿದ್ದರು. ಮಣ್ಣಿಗೆ ಶೇಕಡ 5ರಿಂದ 8ರಷ್ಟು ಸಿಮೆಂಟು ಬೆರೆಸಿ, ತುಸು ತೇವ ಮಾಡಿ, ಕೈಯಿಂದ ನಡೆಯುವ ಯಂತ್ರದಲ್ಲಿ ಒತ್ತಿದರೆ ಸುಡದೆಯೇ ಗಟ್ಟಿಯಾದ ಇಟ್ಟಿಗೆ ಸಿಗುತ್ತದೆ. ನೀರುಣಿಸುತ್ತಾ ಮೂರು ನಾಲ್ಕು ವಾರ ಇಟ್ಟರೆ ಮಳೆಗೆ ಕರಗದು. ಇದಕ್ಕಾಗಿ ರೂಪಿಸಿದ ಒತ್ತುಯಂತ್ರಗಳು ಹಳ್ಳಿಯಲ್ಲಿಯೇ ಇಟ್ಟುಕೊಂಡು ನಡೆಸುವಂಥವು. ಬ್ರಿಟನ್ನಿನಿಂದ ಬಂದು ಕೇರಳದಲ್ಲಿ ನೆಲೆನಿಂತ ವಾಸ್ತುಶಿಲ್ಪಿ ಲಾರಿ ಬೇಕರ್ ಅವರಿಗೆ, ಮನೆಯನ್ನು ಐದು ಮೈಲಿಯೊಳಗೆ ಸಿಗುವ ಸಾಮಗ್ರಿಯಿಂದ ಕಟ್ಟಬೇಕೆಂದು ಗಾಂಧೀಜಿ ಹೇಳಿದ್ದರು. ಅಸ್ತ್ರದ ಯಂತ್ರ ಆ ಐದು ಮೈಲಿಯನ್ನು ನಿವೇಶನದ ಅಂಗಳದೊಳಕ್ಕೇ ತಂದಿತು.

ಆದರೆ ಯಂತ್ರಕ್ಕಿಂತ ಮುಂಚೆ ನೆಲ ಎಂಬ ಹಳೆಯ ಪಾಠ ಇಲ್ಲಿಯೂ ಮರಳಿ ಬಂತು. ಮೇಲಿನ ಒಂದಡಿಯಷ್ಟು ಮಣ್ಣಿನಲ್ಲಿ ಬೇರು, ಕೊಳೆತ ಎಲೆ ಇರುವುದರಿಂದ ಅದು ಇಟ್ಟಿಗೆಗೆ ಆಗದು; ಅದನ್ನು ಬೇರೆ ತೆಗೆದಿಟ್ಟರೆ ಕೈತೋಟಕ್ಕೆ ಅದೇ ಚಿನ್ನ. ಕೆಳಗಿನ ಮಣ್ಣಿನಲ್ಲಿ ಮರಳು ಹೆಚ್ಚು, ಜೇಡಿ ಕಡಿಮೆ ಇರಬೇಕು. ಜೇಡಿ ಶೇಕಡ 10ರಿಂದ 15ರ ಆಸುಪಾಸಿನಲ್ಲಿದ್ದರೆ ಸರಿ. ಗಾಜಿನ ಜಾಡಿಯಲ್ಲಿ ಮಣ್ಣು ನೀರು ಹಾಕಿ ಕಲಕಿಟ್ಟರೆ ಮರಳು ಕ್ಷಣದಲ್ಲಿ ತಳ ಸೇರುತ್ತದೆ, ಜೇಡಿ ಬಹಳ ಹೊತ್ತು ತೇಲುತ್ತಿರುತ್ತದೆ. ಪದರಗಳನ್ನು ಅಳೆದರೆ ಅಂದಾಜು ಸಿಕ್ಕಿತು. ದಕ್ಷಿಣ ಕರ್ನಾಟಕದ ಕೆಮ್ಮಣ್ಣಿಗೆ ಸಾಮಾನ್ಯವಾಗಿ ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸಬೇಕಾಗುತ್ತದೆ. ಎರೆಮಣ್ಣು ಸಿಮೆಂಟಿಗೆ ಸುಲಭವಾಗಿ ಒಗ್ಗುವುದಿಲ್ಲ. ಅದಕ್ಕೆ ಸುಣ್ಣ ಬೇಕು. ವರಾಹಮಿಹಿರನ ಗುಂಡಿ ನೆಲ ಭಾರ ಹೊರುತ್ತದೆಯೇ ಎಂದು ಕೇಳಿತ್ತು. ಈ ಜಾಡಿ ಅದು ಗೋಡೆಯಾಗುತ್ತದೆಯೇ ಎಂದು ಕೇಳುತ್ತದೆ.

ಉಳಿತಾಯ ಎಷ್ಟು? 2003ರ ಅದೇ ಅಧ್ಯಯನದ ಪ್ರಕಾರ ಕಾಂಕ್ರೀಟು ಕಂಬಗಳ ಬಹುಮಹಡಿ ಕಟ್ಟಡದಲ್ಲಿ ಪ್ರತಿ ಚದರ ಮೀಟರಿಗೆ 4.21 ಗಿಗಾಜೂಲ್, ಸುಟ್ಟ ಇಟ್ಟಿಗೆಯ ಎರಡಂತಸ್ತಿನ ಮನೆಯಲ್ಲಿ 2.92, ಮಣ್ಣು-ಸಿಮೆಂಟು ಇಟ್ಟಿಗೆಯ ಎರಡಂತಸ್ತಿನ ಮನೆಯಲ್ಲಿ 1.61 ಗಿಗಾಜೂಲ್ ಶಕ್ತಿ ಅಡಗಿದೆ. ಸೌದೆಯ ಲೆಕ್ಕಕ್ಕೆ ಇಳಿಸಿದರೆ ಕ್ರಮವಾಗಿ ಸುಮಾರು 260, 180 ಮತ್ತು 100 ಕಿಲೋ. ನೂರು ಚದರ ಮೀಟರಿನ ಮನೆಗೆ ಸುಟ್ಟ ಇಟ್ಟಿಗೆಯ ಬದಲು ಒತ್ತಿದ ಮಣ್ಣು ಬಳಸಿದರೆ ಎಂಟು ಟನ್ ಸೌದೆಯಷ್ಟು ಶಕ್ತಿ ಉಳಿದಂತಾಗುತ್ತದೆ.

ಇನ್ನೊಂದು ಲೆಕ್ಕ ಗುಂಡಿಯದು. ಅಷ್ಟೇ ದೊಡ್ಡ, ಒಂದಂತಸ್ತಿನ ಮನೆಯ ಗೋಡೆಗಳಿಗೆ ಹೆಚ್ಚುಕಡಿಮೆ 35ರಿಂದ 40 ಘನ ಮೀಟರ್ ಮಣ್ಣು ಬೇಕು. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಎರಡು ಮೀಟರ್ ಆಳದ ಗುಂಡಿಯಿಂದ 40 ಘನ ಮೀಟರ್ ಮಣ್ಣು ಹೊರಬರುತ್ತದೆ. ಆ ಗುಂಡಿಗೇ ಗೋಡೆ ಕಟ್ಟಿ ಗಾರೆ ಮಾಡಿದರೆ 40,000 ಲೀಟರ್ ಹಿಡಿಯುವ ತೊಟ್ಟಿ. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವ ಬಯಲುಸೀಮೆಯಲ್ಲಿಯೂ ನೂರು ಚದರ ಮೀಟರ್ ಚಾವಣಿಯ ಮೇಲೆ 60,000 ಲೀಟರ್ ನೀರು ಬೀಳುತ್ತದೆ. ಮಣ್ಣು ಗೋಡೆಯಾಯಿತು, ಗುಂಡಿ ಬಾವಿಯಾಯಿತು. ಸಾವಿರ ಅಡಿ ಆಳದ ಕೊಳವೆಬಾವಿಯಿಂದ ನೀರೆತ್ತುವ ವಿದ್ಯುತ್ತಿನ ಮುಂದೆ ತೊಟ್ಟಿಯಿಂದ ನೀರೆತ್ತುವ ಖರ್ಚು ಏನೇನೂ ಅಲ್ಲ. ಊರು ತನ್ನ ಕೆರೆಯ ಹೂಳೆತ್ತಿ ಹೊಲಕ್ಕೂ ಗೋಡೆಗೂ ಹಾಕುತ್ತಿದ್ದ ಕಾಲದ ಬುದ್ಧಿಯೇ ಇದು, ಒಂದು ಸಂಸಾರದ ಅಳತೆಗೆ ಇಳಿದದ್ದು.

ಕಿಲ್ಲಾರಿಯ ಎಚ್ಚರಿಕೆ

ಹಳೆಯದೆಲ್ಲ ಒಳ್ಳೆಯದು ಎಂಬ ಮಾತಿಗೆ 1993ರ ಸೆಪ್ಟೆಂಬರ್ 30ರ ನಸುಕು ಭಯಂಕರ ಉತ್ತರ ಕೊಟ್ಟಿತು. ಕರ್ನಾಟಕದ ಗಡಿಗೆ ದೂರವಲ್ಲದ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಎಂಟರಿಂದ ಹತ್ತು ಸಾವಿರ ಜನ ಸತ್ತರು. ಬಹುತೇಕರು ಸತ್ತದ್ದು ತಮ್ಮ ಮನೆಯ ಗೋಡೆ, ಮಾಳಿಗೆಗಳ ಕೆಳಗೆ. ಗುಂಡುಕಲ್ಲುಗಳನ್ನು ಮಣ್ಣಿನಿಂದ ಜೋಡಿಸಿದ ದಪ್ಪ ಗೋಡೆಯ ಒಳಮುಖಕ್ಕೂ ಹೊರಮುಖಕ್ಕೂ ಹೆಣಿಗೆ ಇರಲಿಲ್ಲ. ಅವು ಸೀಳಿಕೊಂಡು ಬಿದ್ದವು. ವರ್ಷವರ್ಷ ಮಣ್ಣು ಪೇರಿಸಿ ಭಾರವಾದ ಮಾಳಿಗೆ ಮಲಗಿದವರ ಮೇಲೆ ಇಳಿಯಿತು. ಬೇಸಿಗೆಯಲ್ಲಿ ತಂಪು ಕೊಟ್ಟ ದಪ್ಪವೇ ಆ ಇರುಳು ಯಮನಾಯಿತು. ಕಲಬುರಗಿ, ಬೀದರ್ ಜಿಲ್ಲೆಗಳ ಹಳ್ಳಿಗಳಲ್ಲಿಯೂ ಅಂಥವೇ ಮನೆಗಳಿದ್ದವು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕದ ನದಿಗಳು ಉಕ್ಕಿದಾಗ ಮಣ್ಣಿನ ಮನೆಗಳು ನೆನೆದು ಸಾಲುಸಾಲಾಗಿ ಕುಸಿದವು. ಇಲ್ಲಿ ತಪ್ಪು ಮಣ್ಣಿನದೆಷ್ಟೋ ನೆಲೆಯದೂ ಅಷ್ಟೆ. ನೀರಿನ ದಾರಿಯಲ್ಲಿ ನಿಂತ ಮನೆಗೆ ಗೋಡೆ ಯಾವುದಾದರೂ ಅಪಾಯ ತಪ್ಪದು.

ಈ ದುರಂತಗಳಿಂದ ಬಂದ ತಿದ್ದುಪಡಿಗಳು ದೊಡ್ಡ ವೆಚ್ಚದವಲ್ಲ. ಗೋಡೆಯ ಎರಡು ಮುಖವನ್ನೂ ಹಿಡಿಯುವ ಉದ್ದಗಲ್ಲು, ಬಾಗಿಲು ಕಿಟಕಿಗಳ ಮಟ್ಟದಲ್ಲಿ ಮನೆಯನ್ನು ಸುತ್ತುವ ಕಬ್ಬಿಣ ಹಾಕಿದ ಕಾಂಕ್ರೀಟು ಪಟ್ಟಿ, ಹಗುರವಾದ ಚಾವಣಿ, ತೇವ ಮೇಲೇರದಂತೆ ಕಲ್ಲಿನ ಪಂಚಾಂಗ. ಸಿಮೆಂಟು, ಉಕ್ಕು ಬೇಕಾದಲ್ಲಿ ಬೇಕಾದಷ್ಟೇ ಬಳಸಬೇಕು ಎಂಬುದು ಅಸ್ತ್ರದವರ ಅನುಭವವೂ ಹೌದು. ಅವುಗಳನ್ನು ಪೂರ್ತಿ ಬಿಟ್ಟ ಮನೆ ಉಳಿತಾಯದ ಮನೆ ಎನಿಸದು, ಅಪಾಯದ ಮನೆ ಎನಿಸೀತು.

ಒಂದು ವರ್ಷದ ಕಾಯುವಿಕೆ

ನಗರದಿಂದ ಹಳ್ಳಿಗೆ ಮರಳಿ ತುಂಡು ಜಮೀನಿನಲ್ಲಿ ಮನೆ ಕಟ್ಟುವವರು, ಊರಲ್ಲಿಯೇ ಇದ್ದು ತೋಟದ ಮನೆ ಕಟ್ಟುವವರು ಇಂದು ಕಡಿಮೆಯಿಲ್ಲ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೆಯ ಕಲಮು ಭೂಪರಿವರ್ತನೆಯ ನಿಯಮಗಳನ್ನು ಹಾಕಿದೆ. ಆ ಕಾಗದಕ್ಕಾಗಿ ಕಚೇರಿ ಸುತ್ತುವ ತಿಂಗಳುಗಳಲ್ಲಿ ಜಮೀನನ್ನು ಸುಮ್ಮನೆ ನೋಡಿಕೊಂಡು ಬರುವವರು ಅಪರೂಪ. ಆದೇಶ ಕೈಗೆ ಬಂದ ಮರುದಿನ ಜೆಸಿಬಿ ಬರುತ್ತದೆ. ಅರ್ಧ ದಿನದಲ್ಲಿ ಪಶ್ಚಿಮದ ಹುಣಸೆಮರ ಉರುಳುತ್ತದೆ, ಮೇಲ್ಮಣ್ಣು ಕೆಳಮಣ್ಣು ಒಂದಾಗುತ್ತವೆ, ಮಳೆನೀರು ಹರಿಯುತ್ತಿದ್ದ ಸಣ್ಣ ಕಾಲುವೆ ಮುಚ್ಚಿಹೋಗುತ್ತದೆ. ಆಮೇಲೆ ಹೊಗೆಯಾಡುವ ಗೂಡಿನಿಂದ ಇಟ್ಟಿಗೆಯ ಲಾರಿ. ಮನೆ ಮುಗಿದ ಮೊದಲ ಬೇಸಿಗೆಗೆ ಮಲಗುವ ಕೋಣೆಗೆ ಎಸಿ. ಮೊದಲ ಮಳೆಗಾಲಕ್ಕೆ ಅಂಗಳದಲ್ಲಿ ಮೊಣಕಾಲುದ್ದ ನೀರು.

ಹಿಂದಿನವರ ಉಳುಮೆ, ಬಿತ್ತನೆ, ದನದ ತಂಗುವಿಕೆಗಳನ್ನು ಹಾಗೆಯೇ ಮಾಡಬೇಕೆಂದಿಲ್ಲ. ಅವುಗಳೊಳಗಿದ್ದ ಕಾಯುವಿಕೆ ಮಾತ್ರ ಇಂದಿಗೂ ಬೇಕು. ಒಂದು ಮಳೆಗಾಲದಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಒಂದು ಬೇಸಿಗೆಯಲ್ಲಿ ಸಂಜೆಯ ನೆರಳು ಯಾವ ಮರದ್ದು, ಗಾಳಿ ಯಾವ ಕಡೆಯದು, ಗುಂಡಿಯ ಮಣ್ಣು ಎಂಥದು ಎಂಬುದನ್ನು ನೋಡಲು ಒಂದು ವರ್ಷ ಸಾಕು. ವಾಸ್ತುಶಾಸ್ತ್ರ ಅಡುಗೆಮನೆಯನ್ನು ಆಗ್ನೇಯಕ್ಕೆ ಇಡುತ್ತದೆ. ಪಶ್ಚಿಮ ನೈರುತ್ಯದ ಗಾಳಿ ಬೀಸುವ ಮಳೆಗಾಲದ ನಾಲ್ಕು ತಿಂಗಳು ಹೊಗೆ ಮನೆಯೊಳಗೆ ಬಾರದೆ ಹೊರಗೆ ಹೋಗುವುದು ಆ ಮೂಲೆಯಿಂದ. ಬೇರೆ ಗಾಳಿಯ ಕಣಿವೆಯಲ್ಲಿ, ಬೇರೆ ಓರೆಯ ಗುಡ್ಡದಲ್ಲಿ ಆ ಮೂಲೆ ಬೇರೆಯಾಗಬಹುದು. ಪುಸ್ತಕ ಅದನ್ನು ಹೇಳಲಾರದು, ಅಲ್ಲಿ ನಿಂತು ನೋಡಿದವರಿಗೆ ಮಾತ್ರ ಅದು ತಿಳಿಯುತ್ತದೆ.

ಪಾಯದ ಗುರುತು ಹಾಕುವಾಗ ಮೇಸ್ತ್ರಿ ಇಂದಿಗೂ ಗೂಟಗಳನ್ನು ಹೊಡೆಯುತ್ತಾನೆ. ಅವುಗಳಿಗೆ ದಾರ ಕಟ್ಟಿ, ದಾರದ ಗುಂಟ ಸುಣ್ಣದ ಪುಡಿ ಉದುರಿಸುತ್ತಾನೆ. ಆ ದಾರ ಸಾಮಾನ್ಯವಾಗಿ ರಸ್ತೆಯ ಅಂಚನ್ನೋ ಪಕ್ಕದ ಬೇಲಿಯನ್ನೋ ಹಿಡಿದು ಸಾಗುತ್ತದೆ. ಗೂಟದ ನೆರಳು ಮಾತ್ರ ಹಿಂದಿನಂತೆಯೇ ಬೆಳಿಗ್ಗೆ ಪಶ್ಚಿಮಕ್ಕೂ ಸಂಜೆ ಪೂರ್ವಕ್ಕೂ ಬೀಳುತ್ತದೆ. ದಾರ ಎಳೆಯುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಅದನ್ನು ನೋಡಲು ಯಾವ ಖರ್ಚೂ ಇಲ್ಲ.